ಏಟಿನ ಲೆಕ್ಕ

ಕಳೆದ ವರ್ಷ ಶಾಲೆ ಶುರುವಾಗಿ ಇನ್ನೂ ಒಂದು ತಿಂಗಳಾಗಿರಲಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಸೊಸೆಯ ಮೊಬೈಲಿಗೆ ಶಾಲೆಯಿಂದ ಫೋನ್ ಬಂತು. ಆರನೇ ಕ್ಲಾಸಿನ ನಮ್ಮ ಪುಟ್ಟ ಊಟದ ಬಿಡುವಿನಲ್ಲಿ ತನ್ನ ಕ್ಲಾಸಿನ ಹುಡುಗನೊಬ್ಬನಿಗೆ ಒದ್ದಿದ್ದ. ಮೊದಲು ಬ್ಯಾಟಿಂಗ್ ಯಾರದು ಎಂಬ ಜಗಳ. ಸುಮ್ಮನೆ ಒದ್ದಿದ್ದರೆ ಮಾತು ಬೇರೆ. ಇವನು ಒಂದು ಸುತ್ತು ತಿರುಗಿ, ಬಾಯಲ್ಲಿ ವಿಚಿತ್ರ ಸದ್ದು ಮಾಡಿ, ಸಿನಿಮಾದವರ ಹಾಗೆ ಕಾಲೆತ್ತಿದ್ದನಂತೆ. ಆ ಹುಡುಗ ಕೈಯೂರಿ ಬಿದ್ದ. ಬಲಗೈ ಮಣಿಕಟ್ಟಿನ ಮೂಳೆಯಲ್ಲಿ ಸಣ್ಣ ಬಿರುಕು. ಪ್ಲಾಸ್ಟರ್ ಹಾಕಿದರು.

ಸಂಜೆ ಮಗ ಆಫೀಸಿನಿಂದ ಬಂದವನು ಶೂ ಬಿಚ್ಚುವ ಮೊದಲೇ ನನ್ನ ಕಡೆ ನೋಡಿದ.

"ಅಪ್ಪ, ಇದನ್ನೆಲ್ಲ ಅವನಿಗೆ ತೋರಿಸಿದ್ದು ನೀವೇ ಅಲ್ವಾ?"

ನಾನು ಉತ್ತರ ಕೊಡಲಿಲ್ಲ. ಅಡುಗೆಮನೆಯಿಂದ ನನ್ನವಳ ದನಿ ಮಾತ್ರ ಬಂತು. "ಅಜ್ಜ ಮೊಮ್ಮಗ ಇಬ್ಬರೂ ಬೇಸಿಗೆ ರಜೆಯೆಲ್ಲ ಟಿವಿ ಮುಂದೆ ಕೂತು ಡಿಶುಂ ಡಿಶುಂ ಅಂತಿದ್ದರಲ್ಲ, ಈಗ ಅನುಭವಿಸಿ!"

ತೋರಿಸಿದ್ದು ನಾನೇ. ಅದರಲ್ಲಿ ಸುಳ್ಳಿಲ್ಲ. ಕುಂಗ್‌ಫೂ, ಕರಾಟೆ ಸಿನಿಮಾಗಳ ಹುಚ್ಚು ನನಗೆ ಇವತ್ತಿನದಲ್ಲ.

ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದ ಹೊಸತು. ನಮ್ಮ ಊರಿನ ಟಾಕೀಸಿನಲ್ಲಿ ಇಂಗ್ಲಿಷ್ ಸಿನಿಮಾ ಅಂದರೆ ಭಾನುವಾರದ ಮಾರ್ನಿಂಗ್ ಶೋ ಮಾತ್ರ. 'ಎಂಟರ್ ದಿ ಡ್ರ್ಯಾಗನ್' ಬಂದಾಗ ಟಿಕೆಟಿನ ಸಾಲು ರಸ್ತೆಯ ತಿರುವು ದಾಟಿತ್ತು. ಮಾತು ಅರ್ಧ ಅರ್ಥವಾಗಲಿಲ್ಲ, ಆದರೆ ಅರ್ಥವಾಗದವರೆಲ್ಲ ಶಿಳ್ಳೆ ಹೊಡೆದರು. ಆ ತೆಳ್ಳನೆಯ ಮನುಷ್ಯ ಬ್ರೂಸ್ ಲೀ ಕಣ್ಣು ಮಿಟುಕಿಸುವುದರೊಳಗೆ ಹೊಡೆದು ಕೈ ವಾಪಸ್ಸು ತಂದುಬಿಡುತ್ತಿದ್ದ. ನಾವು ಅವನನ್ನು ನೋಡುವಾಗ ಅವನು ಬದುಕಿರಲಿಲ್ಲ. ಆ ಚಿತ್ರ ತೆರೆ ಕಾಣುವ ಮೊದಲೇ, 1973ರ ಜುಲೈ 20ರಂದು ಹಾಂಗ್‌ಕಾಂಗ್‌ನಲ್ಲಿ ತೀರಿಕೊಂಡಿದ್ದ. ವಯಸ್ಸು ಬರೀ 32.

ಮರುವಾರ ನಾನು ಅಮ್ಮನ ಲಟ್ಟಣಿಗೆಯನ್ನು ಗರಗಸದಿಂದ ಎರಡು ತುಂಡು ಮಾಡಿ, ನಡುವೆ ನಾಯಿಯ ಸರಪಳಿ ಸಿಕ್ಕಿಸಿ, ಅವನ ಕೈಯಲ್ಲಿದ್ದ ಜೋಡಿಕೋಲಿನ ಆಯುಧ ತಯಾರಿಸಿದೆ. ಹಿತ್ತಲಿನಲ್ಲಿ ಮೊದಲ ಸಲ ಬೀಸಿದಾಗಲೇ ಅದು ತಿರುಗಿ ಬಂದು ನನ್ನ ಹಣೆಗೆ ಬಡಿಯಿತು. ಸೋಮವಾರ ಹಣೆಗೆ ಪಟ್ಟಿ ಹಾಕಿಕೊಂಡೇ ಕೌಂಟರಿನಲ್ಲಿ ಕೂತೆ. ದುಡ್ಡು ಕಟ್ಟಲು ಬಂದವರೆಲ್ಲ "ಏನ್ ಸ್ವಾಮಿ, ಬಿದ್ರಾ?" ಎಂದು ಕೇಳುವವರೇ. "ಹೌದು, ಮೆಟ್ಟಿಲ ಮೇಲೆ" ಎಂದೆ. ಅಮ್ಮ ಒಂದು ವಾರ ಚಪಾತಿ ಮಾಡಲಿಲ್ಲ.

ಅಂಥವನು ನಾನು. ಮೊಮ್ಮಗನಿಗೆ ಹೇಳಿಕೊಡಲು ಎಂಥ ಗುರು ಸಿಕ್ಕಿದ ನೋಡಿ.

ಆ ರಾತ್ರಿ ನಿದ್ದೆ ಬರಲಿಲ್ಲ. ಸಿನಿಮಾ ತೋರಿಸಿದ್ದು ತಪ್ಪೇ? ತಪ್ಪಾದರೆ ಅದರಲ್ಲಿ ಯಾವ ಭಾಗ ತಪ್ಪು? ಬ್ಯಾಂಕಿನಲ್ಲಿ ದಿನದ ಕೊನೆಗೆ ಲೆಕ್ಕ ಕೂಡದಿದ್ದರೆ ನಾವು ಮನೆಗೆ ಹೋಗುವ ಹಾಗಿರಲಿಲ್ಲ. ಹತ್ತು ಪೈಸೆ ವ್ಯತ್ಯಾಸ ಬಂದರೂ ಒಂದೊಂದೇ ವೋಚರ್ ತೆಗೆದು ಬೆಳಗಿನಿಂದ ನೋಡಿಕೊಂಡು ಬರಬೇಕು. ನಾನೂ ಹಾಗೆಯೇ ರಜೆಯ ಸಿನಿಮಾಗಳನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡು ಬಂದೆ. ಎರಡು ಗಂಟೆಯ ಹೊತ್ತಿಗೆ ವ್ಯತ್ಯಾಸ ಸಿಕ್ಕಿತು.

ರಿಮೋಟು ನನ್ನ ಕೈಯಲ್ಲಿತ್ತು.

ಹೊಡೆದಾಟ ಇಲ್ಲದ ಜಾಗ ಬಂದರೆ ಪುಟ್ಟ "ಬೋರು ತಾತ, ಮುಂದೆ ಓಡಿಸಿ" ಅನ್ನುತ್ತಿದ್ದ. ನಾನು ಓಡಿಸುತ್ತಿದ್ದೆ. ಗುರು ಬೈಯುವುದು, ಶಿಷ್ಯ ನೀರು ಹೊರುವುದು, ಸೋತು ಅಳುವುದು, ಹೊಡೆಯದೆ ಹಿಂದೆ ಸರಿಯುವುದು ಎಲ್ಲವೂ ಸರ್ರನೆ ಓಡಿಹೋಗುತ್ತಿದ್ದವು. ಹೊಡೆತ ಬಂದ ಕೂಡಲೇ ನಿಲ್ಲಿಸಿ ನೋಡುತ್ತಿದ್ದೆವು, ಕೆಲವನ್ನು ಎರಡೆರಡು ಸಲ. ಅಂದರೆ ಮಗುವಿಗೆ ನಾನು ಸಿನಿಮಾ ತೋರಿಸಿರಲೇ ಇಲ್ಲ. ಏಟುಗಳನ್ನು ಮಾತ್ರ ಆರಿಸಿ ಬಡಿಸಿದ್ದೆ.

ಮರುದಿನ ಸಂಜೆ ಅವನನ್ನು ಕೂರಿಸಿಕೊಂಡೆ. ಬೈಯಲಿಲ್ಲ. ಬೈಗುಳ ಅವನಪ್ಪನಿಂದಲೇ ಸಾಕಷ್ಟಾಗಿತ್ತು. "ಒಂದು ಸಿನಿಮಾ ಪೂರ್ತಿ ನೋಡೋಣ. ಓಡಿಸುವ ಹಾಗಿಲ್ಲ" ಎಂದು ರಿಮೋಟನ್ನು ಬೀರುವಿನ ಮೇಲಿಟ್ಟೆ. ಹಾಕಿದ್ದು 1978ರ ಹಾಂಗ್‌ಕಾಂಗ್ ಚಿತ್ರ 'ದಿ 36ತ್ ಚೇಂಬರ್ ಆಫ್ ಶಾವೊಲಿನ್'. ನಿರ್ದೇಶಕ ಲಾವ್ ಕಾರ್ ಲ್ಯೂಂಗ್. ಸಿನಿಮಾಕ್ಕೆ ಬರುವ ಮೊದಲೇ ಆತ ನಿಜವಾದ ಕುಂಗ್‌ಫೂ ಮನೆತನದವನು, ಅಪ್ಪನಿಂದಲೇ ವಿದ್ಯೆ ಕಲಿತವನು. ಆದ್ದರಿಂದ ಕಲಿಯುವುದೆಂದರೇನು ಎಂದು ಅವನಿಗೆ ಗೊತ್ತಿತ್ತು.

ಶಾವೊಲಿನ್ ಎಂಬುದು ಚೀನಾದ ಹೆನಾನ್ ಪ್ರಾಂತ್ಯದ ಬೆಟ್ಟಗಳ ನಡುವಿನ ಬೌದ್ಧ ಮಠ. ನಮ್ಮ ದಕ್ಷಿಣ ಭಾರತದಿಂದ ಹೋದ ಬೋಧಿಧರ್ಮ ಅಲ್ಲಿ ಗೋಡೆಗೆ ಮುಖ ಮಾಡಿ 9 ವರ್ಷ ಧ್ಯಾನಕ್ಕೆ ಕೂತ ಎಂಬ ಐತಿಹ್ಯವಿದೆ. ಸಿನಿಮಾದ ನಾಯಕ ಒಬ್ಬ ವಿದ್ಯಾರ್ಥಿ. ಊರಿನಲ್ಲಿ ಆಳುವವರ ದಬ್ಬಾಳಿಕೆ, ತನ್ನವರೆಲ್ಲ ಸತ್ತರು. ಗಾಯಗೊಂಡು ಮಠಕ್ಕೆ ಓಡಿಬರುತ್ತಾನೆ. ಕುಂಗ್‌ಫೂ ಕಲಿತು ಸೇಡು ತೀರಿಸಬೇಕು.

ಅವನ ಕೈಗೆ ಮೊದಲು ಸಿಗುವುದು ಪೊರಕೆ! ಮಠದ ಕಸ ಗುಡಿಸುವ ಕೆಲಸ. ಕೊನೆಗೆ ತಾಳ್ಮೆ ಕೆಟ್ಟು ಕೇಳಿದಾಗ, ಇಲ್ಲಿ ಕಲಿಯಲು 35 ಕೋಣೆಗಳಿವೆ, ಎಲ್ಲಿಂದ ಶುರು ಮಾಡುತ್ತೀಯ ಎನ್ನುತ್ತಾರೆ. ಇವನು ಎಲ್ಲಕ್ಕಿಂತ ಮೇಲಿನದೇ ಬೇಕು ಎನ್ನುತ್ತಾನೆ. ಒಳಗೆ ಹೋದರೆ ಹಿರಿಯ ಸನ್ಯಾಸಿಗಳು ಕೂತು ಶಾಸ್ತ್ರ ಪಠಿಸುತ್ತಿದ್ದಾರೆ. ಇವನಿಗೆ ಒಂದಕ್ಷರವೂ ತಿಳಿಯುವುದಿಲ್ಲ. ಅಲ್ಲಿಂದ ತಳ್ಳಿಸಿಕೊಂಡು ಬಂದು ಎಲ್ಲಕ್ಕಿಂತ ಕೆಳಗಿನ ಕೋಣೆ ಸೇರುತ್ತಾನೆ.

"ನಮ್ಮ ಕ್ಲಾಸಲ್ಲಿ ಎಲ್‌ಕೆಜಿಗೆ ವಾಪಸ್ ಕಳಿಸಿದ ಹಾಗೆ" ಎಂದ ಪುಟ್ಟ.

ಆ ಮೊದಲ ಪಾಠ ನನಗೆ ಎಲ್ಲಕ್ಕಿಂತ ಇಷ್ಟ. ಊಟದ ಮನೆಗೆ ಹೋಗುವ ದಾರಿಯಲ್ಲಿ ನೀರು. ನೀರಿನಲ್ಲಿ ತೇಲುವ ಮರದ ದಿಮ್ಮಿಗಳ ಕಟ್ಟು. ಅದರ ಮೇಲೆ ಹೆಜ್ಜೆಯಿಟ್ಟು ದಾಟಬೇಕು. ಉಳಿದ ಸನ್ಯಾಸಿಗಳು ನೆಲದ ಮೇಲೆ ನಡೆದ ಹಾಗೆ ಹೋಗುತ್ತಾರೆ. ಇವನು ದೊಪ್ಪನೆ ಬೀಳುತ್ತಾನೆ. ಮತ್ತೆ ಬೀಳುತ್ತಾನೆ. ಮತ್ತೂ ಬೀಳುತ್ತಾನೆ. ಮೊದಮೊದಲು ಪುಟ್ಟ ನಕ್ಕ. ಆಮೇಲೆ ನಗು ನಿಲ್ಲಿಸಿ, ಸೋಫಾದ ಅಂಚಿಗೆ ಸರಿದು ಕೂತ. ಕೊನೆಗೊಮ್ಮೆ ಅವನು ಬೀಳದೆ ದಾಟಿದಾಗ ನಮ್ಮ ಮನೆಯಲ್ಲಿ ಚಪ್ಪಾಳೆ. ಆ ಪಾಠದಲ್ಲಿ ಯಾರೂ ಯಾರಿಗೂ ಹೊಡೆದಿರಲಿಲ್ಲ, ಗಮನಿಸಿ. ಬರೀ ಊಟಕ್ಕೆ ಹೋಗಿದ್ದಕ್ಕೆ ಚಪ್ಪಾಳೆ!

ಆಮೇಲೆ ನೀರಿನ ಬಕೆಟ್ಟುಗಳು. ಎರಡೂ ಕೈಗಳನ್ನು ಪಕ್ಕಕ್ಕೆ ನೇರವಾಗಿ ಚಾಚಿ ಹೊರಬೇಕು. ತೋಳಿಗೆ ಚೂರಿ ಕಟ್ಟಿರುತ್ತಾರೆ. ಕೈ ಕೆಳಗೆ ಬಂದರೆ ಪಕ್ಕೆಗೆ ಚುಚ್ಚುತ್ತದೆ. ಮಣಿಕಟ್ಟು ಗಟ್ಟಿಯಾಗಲು ಉದ್ದನೆಯ ಕೋಲಿನ ತುದಿಗೆ ಭಾರ ಕಟ್ಟಿ ಗಂಟೆ ಬಾರಿಸಬೇಕು. ಕಣ್ಣು ಚುರುಕಾಗಲು ತಲೆ ಅಲ್ಲಾಡಿಸದೆ ಆಡುವ ದೀಪವನ್ನು ನೋಟದಲ್ಲೇ ಹಿಂಬಾಲಿಸಬೇಕು. ಎಲ್ಲ ಕಲಿತ ಮೇಲೂ ಒಬ್ಬ ಹಿರಿಯ ಸನ್ಯಾಸಿಯ ಎದುರು ಸೋಲುತ್ತಾನೆ. ಸೋತು ಯೋಚಿಸಿ ಮೂರು ತುಂಡಿನ ಹೊಸ ಕೋಲು ಕಂಡುಹಿಡಿಯುತ್ತಾನೆ. ಸಿನಿಮಾದ ದೊಡ್ಡ ಭಾಗವೆಲ್ಲ ಈ ಕಲಿಕೆಯೇ. ಸುಮಾರು ಎರಡು ಗಂಟೆಯ ಆ ಚಿತ್ರವನ್ನು ನಾವು ಹಿಂದೊಮ್ಮೆ ನೋಡಿ ಮುಗಿಸಲು ಅರ್ಧ ಗಂಟೆಯೂ ಹಿಡಿದಿರಲಿಲ್ಲ.

(ಕೊನೆಯ ಭಾಗದಲ್ಲಿ ರಕ್ತವಿದೆ. ಚಿಕ್ಕ ಮಕ್ಕಳು ದೊಡ್ಡವರ ಜೊತೆಗೆ ಕೂತೇ ನೋಡಬೇಕು. ದೊಡ್ಡವರು ರಿಮೋಟು ಹಿಡಿಯಬಾರದು.)

ಒಳ್ಳೆಯ ಕುಂಗ್‌ಫೂ ಸಿನಿಮಾ ಯಾವುದು ಎಂಬುದಕ್ಕೆ ನನ್ನ ಮೊದಲ ಉತ್ತರ ಅಲ್ಲಿ ಸಿಕ್ಕಿತು. ನಾಯಕ ಹೊಡೆಯುವ ಏಟು ಎಲ್ಲಿಂದ ಬಂತು ಎಂದು ಸಿನಿಮಾ ತೋರಿಸಬೇಕು. ಜಮಾ ಇಲ್ಲದ ಖಾತೆಯಿಂದ ಚೆಕ್ ಬರೆದರೆ ಬ್ಯಾಂಕು ವಾಪಸ್ಸು ಕಳಿಸುತ್ತದೆ. ಹಾಗೆಯೇ, ಏನೂ ಕಲಿಯದವನು ಒಂದೇ ಏಟಿಗೆ ಇಪ್ಪತ್ತು ಜನರನ್ನು ಉರುಳಿಸುವ ಸಿನಿಮಾದ ಚೆಕ್ಕು ನನ್ನ ಮಟ್ಟಿಗೆ ಬೌನ್ಸ್.

ಎರಡನೆಯದು, ಏಟು ಕಾಣಬೇಕು. ಇದಕ್ಕೆ ನಾನೂ ಪುಟ್ಟನೂ ಸೇರಿ ಒಂದು ಪರೀಕ್ಷೆ ಮಾಡಿಕೊಂಡಿದ್ದೇವೆ. ಮಕ್ಕಳೇ, ನೀವೂ ಮಾಡಿ ನೋಡಿ. ಹೊಡೆದಾಟ ಶುರುವಾದಾಗ ನಟನ ಪಾದ ಕಾಣುತ್ತಿದೆಯೇ ನೋಡಿ. ಆಮೇಲೆ ಚಿತ್ರ ಬದಲಾಗುವವರೆಗೆ ಒಂದು, ಎರಡು, ಮೂರು ಎಂದು ಎಣಿಸಿ. ಈಚಿನ ಒಂದು ಸಿನಿಮಾದಲ್ಲಿ ನಾವು ಮೂರು ಎಣಿಸುವುದರೊಳಗೆ ನಾಲ್ಕು ಸಲ ಚಿತ್ರ ಬದಲಾಯಿತು. ಒಮ್ಮೆ ಮುಷ್ಟಿ, ಒಮ್ಮೆ ಮುಖ, ಒಮ್ಮೆ ಗಾಜು, ಒಮ್ಮೆ ಧೂಳು. ಯಾರು ಯಾರಿಗೆ ಹೊಡೆದರು ಎಂದು ದೇವರಿಗೂ ಗೊತ್ತಾಗಲಿಕ್ಕಿಲ್ಲ. ಹಾಂಗ್‌ಕಾಂಗ್‌ನ ಆ ಹಳೆಯ ಚಿತ್ರಗಳಲ್ಲಿ ಕ್ಯಾಮೆರಾ ದೂರ ನಿಂತು ತಲೆಯಿಂದ ಪಾದದವರೆಗೆ ತೋರಿಸುತ್ತದೆ. ಹತ್ತಾರು ಪಟ್ಟುಗಳು ಒಂದೇ ಉಸಿರಿಗೆ ನಡೆಯುತ್ತವೆ. ವಿದ್ಯೆ ಇದ್ದವನಿಗೆ ಮಾತ್ರ ಹಾಗೆ ಕಾಣಿಸಿಕೊಳ್ಳುವ ಧೈರ್ಯ.

ಆ ವಿದ್ಯೆ ಬಂದದ್ದು ಹೇಗೆ ಎಂಬುದಕ್ಕೆ ಜಾಕಿ ಚಾನ್‌ನ ಕತೆ ಕೇಳಿ. ಅವನು ಹುಟ್ಟಿದ್ದು 1954ರಲ್ಲಿ, ನನಗಿಂತ ತುಸು ಚಿಕ್ಕವ. ನಾವು ಗೋಲಿ ಆಡುವ ವಯಸ್ಸಿನಲ್ಲಿ ಅವನನ್ನು ಹಾಂಗ್‌ಕಾಂಗ್‌ನ ಒಂದು ಪೀಕಿಂಗ್ ಒಪೆರಾ ಶಾಲೆಗೆ ಸೇರಿಸಿದರು. ಅದು ಒಂದು ರೀತಿಯಲ್ಲಿ ನಮ್ಮ ಯಕ್ಷಗಾನದಂಥ ಕಲೆ. ಹಾಡು, ಅಭಿನಯ, ಕುಣಿತ, ಯುದ್ಧ ಎಲ್ಲವೂ ಒಬ್ಬನೇ ಕಲಿಯಬೇಕು. ಜೊತೆಗೆ ಲಾಗ ಹಾಕುವುದು, ತಲೆಕೆಳಗಾಗಿ ನಿಲ್ಲುವುದು. ಸುಮಾರು ಹತ್ತು ವರ್ಷ ಅಲ್ಲೇ ಊಟ, ಅಲ್ಲೇ ನಿದ್ದೆ, ತಪ್ಪಿದರೆ ಬೆತ್ತ. ಸ್ಯಾಮೊ ಹಂಗ್, ಯೂಯೆನ್ ಬಿಯಾವ್ ಎಂಬ ಹೆಸರಾಂತ ನಟರೂ ಅದೇ ಗುರುವಿನ ಶಿಷ್ಯರು. 'ಎಂಟರ್ ದಿ ಡ್ರ್ಯಾಗನ್'ನಲ್ಲಿ ಬ್ರೂಸ್ ಲೀ ಕೈಯಲ್ಲಿ ಏಟು ತಿನ್ನುವ ಗುಂಪಿನಲ್ಲಿ ಹುಡುಗ ಜಾಕಿ ಚಾನ್ ಕೂಡ ಇದ್ದಾನೆ. ನಾನು ಅಂದು ಶಿಳ್ಳೆ ಹೊಡೆದದ್ದು ಅವನು ಬಿದ್ದದ್ದಕ್ಕೂ ಇರಬಹುದು.

ಮೂರನೆಯದೇ ಮುಖ್ಯ. ಏಟು ಬಿದ್ದ ಮೇಲೆ ಏನಾಯಿತು?

1985ರ 'ಪೊಲೀಸ್ ಸ್ಟೋರಿ'ಯಲ್ಲಿ ಜಾಕಿ ಚಾನ್ ಅಂಗಡಿ ಮಳಿಗೆಯ ಮೇಲಿನ ಮಹಡಿಯಿಂದ ಜಿಗಿದು, ವಿದ್ಯುತ್ ದೀಪಗಳನ್ನು ಸುತ್ತಿದ ಕಂಬವನ್ನು ಹಿಡಿದು ಕೆಳಗೆ ಜಾರುತ್ತಾನೆ. ಅಂಗೈ ಸುಟ್ಟುಹೋಯಿತು. ಮುಂದಿನ ವರ್ಷ ಯುಗೊಸ್ಲಾವಿಯಾದಲ್ಲಿ ಇನ್ನೊಂದು ಚಿತ್ರದ ಶೂಟಿಂಗ್ ನಡೆಯುವಾಗ ಮರದಿಂದ ಬಿದ್ದು ತಲೆಬುರುಡೆಯೇ ಒಡೆದು, ಶಸ್ತ್ರಚಿಕಿತ್ಸೆಯಿಂದ ಬದುಕಿದ. ಅವನ ಅನೇಕ ಸಿನಿಮಾಗಳ ಕೊನೆಯಲ್ಲಿ ಹೆಸರುಗಳು ಬರುವಾಗ, ತಪ್ಪಿದ ಜಿಗಿತ, ನಿಜವಾದ ಪೆಟ್ಟು, ನೋವಿನ ಮುಖ ಎಲ್ಲವನ್ನೂ ತೋರಿಸುತ್ತಾನೆ. ಟಾಕೀಸಿನಲ್ಲಾದರೆ ನಾವು ಆ ಹೊತ್ತಿಗೆ ಎದ್ದು ಸೈಕಲ್ ಸ್ಟ್ಯಾಂಡಿಗೆ ಓಡುತ್ತಿದ್ದೆವು. ಈ ಸಲ ಪುಟ್ಟನನ್ನು ಕೂರಿಸಿ ತೋರಿಸಿದೆ. ಒಬ್ಬನನ್ನು ಎತ್ತಿಕೊಂಡು ಹೋಗುವ ದೃಶ್ಯ ಬಂದಾಗ ಅವನು ತನ್ನ ಬಲಗೈ ಮಣಿಕಟ್ಟನ್ನು ಎಡಗೈಯಿಂದ ಹಿಡಿದುಕೊಂಡಿದ್ದ. ನಾನು ಏನೂ ಹೇಳಲಿಲ್ಲ.

ಜಪಾನಿನ ಕುರೊಸಾವಾ ಅವರ 'ಸೆವೆನ್ ಸಮುರಾಯ್' 1954ರಲ್ಲಿ ಬಂತು. ಬಡ ರೈತರ ಹಳ್ಳಿಯನ್ನು ದರೋಡೆಕೋರರಿಂದ ಕಾಯಲು ಏಳು ಜನ ಯೋಧರು ಹೊಟ್ಟೆಪಾಡಿನ ಅನ್ನಕ್ಕಾಗಿ ಒಪ್ಪುತ್ತಾರೆ. ಹಳ್ಳಿ ಉಳಿಯುತ್ತದೆ, ಆದರೆ ಏಳರಲ್ಲಿ ನಾಲ್ವರು ಸಾಯುತ್ತಾರೆ. ಬದುಕಿದವರ ಮುಖದಲ್ಲಿ ಗೆದ್ದ ಸಂತೋಷ ಇಲ್ಲ. ರೈತರು ಹಾಡುತ್ತಾ ಭತ್ತದ ನಾಟಿ ಮಾಡುತ್ತಾರೆ, ಇವರು ಗೋರಿಗಳನ್ನು ನೋಡುತ್ತಾ ನಿಲ್ಲುತ್ತಾರೆ. ನಮ್ಮ ಗಿರೀಶ್ ಕಾರ್ನಾಡರಿಗೆ ಕುರೊಸಾವಾ ಮೇಲಿದ್ದ ಗೌರವದಿಂದಲೇ ಕನ್ನಡದ 'ಒಂದಾನೊಂದು ಕಾಲದಲ್ಲಿ' ಹುಟ್ಟಿತು. ಅದು ಬಂದದ್ದೂ 1978ರಲ್ಲಿ. ಶಂಕರ್‌ನಾಗ್ ನಾಯಕನಾಗಿ ಮೊದಲು ಕಾಣಿಸಿಕೊಂಡದ್ದು ಅದರಲ್ಲೇ, ಬಾಡಿಗೆ ಯೋಧನ ಪಾತ್ರದಲ್ಲಿ. ಕೂಲಿಗಾಗಿ ಕತ್ತಿ ಹಿಡಿಯುವವನ ಬಾಳು ಎಂಥದು ಎಂದು ಅದೂ ಕೇಳುತ್ತದೆ. ಅಜ್ಜಂದಿರೇ, ನೀವು ನೋಡಿದ್ದರೆ ಮೊಮ್ಮಕ್ಕಳಿಗೂ ತೋರಿಸಿ.

"ಹಾಗಾದ್ರೆ ಗಾಳೀಲಿ ಹಾರೋ ಸಿನಿಮಾ ಎಲ್ಲ ಸುಳ್ಳಾ ತಾತ?" ಎಂದು ಪುಟ್ಟ ಒಮ್ಮೆ ಕೇಳಿದ. 2000ದಲ್ಲಿ ಬಂದ 'ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್' ನೋಡುತ್ತಿದ್ದೆವು. ಬಿದಿರು ಮೆಳೆಯ ತುದಿಯಲ್ಲಿ ಇಬ್ಬರು ಕತ್ತಿ ಹಿಡಿದು ತೂಗಾಡುತ್ತಾರೆ. ತಂತಿ ಕಟ್ಟಿ ಹಾರಿಸಿದ್ದು ನಿಜ. ಆದರೆ ಹನುಮಂತ ಸಮುದ್ರ ಹಾರಿದ್ದನ್ನು ನಾವು ಸುಳ್ಳು ಎನ್ನುತ್ತೇವೆಯೇ? ಆ ಸಿನಿಮಾದ ಹುಡುಗಿಗೆ ವಿದ್ಯೆ ಬಹಳ ಇದೆ, ತಾಳ್ಮೆ ಇಲ್ಲ. ಅದರ ಬೆಲೆಯನ್ನು ಅವಳೂ, ಅವಳನ್ನು ಪ್ರೀತಿಸಿದವರೂ ತೆರುತ್ತಾರೆ. ಎಷ್ಟು ಎತ್ತರಕ್ಕೆ ಹಾರಿದರೂ ಲೆಕ್ಕ ಮಾತ್ರ ನೆಲದ ಮೇಲೆ ಸರಿಯಾಗಿದೆ.

ಕೊನೆಗೆ 'ಎಂಟರ್ ದಿ ಡ್ರ್ಯಾಗನ್'ಗೇ ವಾಪಸ್ಸು ಬಂದೆವು. ಅದರಲ್ಲಿ ಒಂದು ದೃಶ್ಯವನ್ನು ಐವತ್ತು ವರ್ಷದಿಂದ ನಾನೂ ಮರೆತೇಬಿಟ್ಟಿದ್ದೆ. ದೋಣಿಯಲ್ಲಿ ಪ್ರಯಾಣ. ಒಬ್ಬ ಪುಂಡ ಬಡ ಕೆಲಸದ ಹುಡುಗರನ್ನು ಪೀಡಿಸುತ್ತಾ, ಬ್ರೂಸ್ ಲೀಯನ್ನೂ ಕೆಣಕುತ್ತಾನೆ. ನಿನ್ನ ವಿದ್ಯೆ ತೋರಿಸು ಎನ್ನುತ್ತಾನೆ. ಇಲ್ಲಿ ಜಾಗ ಇಕ್ಕಟ್ಟು, ಚಿಕ್ಕ ದೋಣಿಯಲ್ಲಿ ಆ ದ್ವೀಪಕ್ಕೆ ಹೋಗೋಣ ಎನ್ನುತ್ತಾನೆ ಲೀ. ಪುಂಡ ಚಿಕ್ಕ ದೋಣಿಗೆ ಇಳಿದದ್ದೇ ತಡ, ಲೀ ಹಗ್ಗ ಸಡಿಲಿಸಿಬಿಡುತ್ತಾನೆ. ಪುಂಡ ದೊಡ್ಡ ದೋಣಿಯ ಹಿಂದೆ ನೀರು ತುಂಬಿದ ಚಿಕ್ಕ ದೋಣಿಯಲ್ಲಿ ತೇಲುತ್ತಾ ಬರುತ್ತಾನೆ. ಹಗ್ಗದ ತುದಿ ಈಗ ಆ ಕೆಲಸದ ಹುಡುಗರ ಕೈಯಲ್ಲಿ! ಜಗತ್ತಿನಲ್ಲೇ ಅತಿ ವೇಗದ ಕೈ ಉಳ್ಳವನು ಒಂದು ಏಟೂ ಹಾಕಲಿಲ್ಲ. ಅಂದು ಮಾರ್ನಿಂಗ್ ಶೋನಲ್ಲಿ ನಾನು ಇದನ್ನು ನೋಡಿ ಬಹುಶಃ ಆಕಳಿಸಿದ್ದೆ. ನೋಡಿದ್ದರೆ ಅಮ್ಮನ ಲಟ್ಟಣಿಗೆ ಉಳಿಯುತ್ತಿತ್ತು.

ಇಷ್ಟೆಲ್ಲ ನೋಡಿದ ಮಾತ್ರಕ್ಕೆ ನಮ್ಮ ಲೆಕ್ಕ ಕೂಡಲಿಲ್ಲ. ಪ್ಲಾಸ್ಟರ್ ಹಾಕಿಸಿಕೊಂಡವನು ಇನ್ನೊಬ್ಬರ ಮನೆಯ ಮಗು. ಆ ಭಾನುವಾರ ನಾನೂ ಪುಟ್ಟನೂ ಒಂದು ಡಜನ್ ಬಾಳೆಹಣ್ಣು ಹಿಡಿದು ಅವರ ಮನೆಗೆ ಹೋದೆವು. ಗೇಟಿನ ಹತ್ತಿರ ಪುಟ್ಟ ನಿಂತುಬಿಟ್ಟ. "ನೀವೇ ಹೇಳಿ ತಾತ" ಎಂದ. "ಒದ್ದದ್ದು ನಾನಲ್ಲವಲ್ಲಪ್ಪ" ಎಂದೆ. ಬಾಗಿಲು ತೆಗೆದ ಅವರ ಅಜ್ಜಿ ನಮ್ಮನ್ನು ಬೈಯಬಹುದಿತ್ತು, ಬೈಯಲಿಲ್ಲ. ಪುಟ್ಟ ತಲೆ ತಗ್ಗಿಸಿ "ತಪ್ಪಾಯ್ತು ಕಣೋ" ಎಂದ. ಆ ಹುಡುಗ ಮುಖ ತಿರುಗಿಸಿದ. ಕ್ಷಮೆ ಕೇಳಿದ ತಕ್ಷಣ ಸಿಗುವುದು ಕೆಟ್ಟ ಸಿನಿಮಾಗಳಲ್ಲಿ ಮಾತ್ರ.

ಅಜ್ಜಿ ಕಾಫಿ ಕೊಡುತ್ತಾ, "ಬಲಗೈ ನೋಡಿ, ಶಾಲೆಯ ನೋಟ್ಸ್ ಬರೆಯಕ್ಕೆ ಆಗ್ತಿಲ್ಲ, ಅದೇ ಅವನ ಕೊರಗು" ಎಂದರು. ನಾನು ಪುಟ್ಟನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. ಅವನಿಗೆ ಅರ್ಥವಾಯಿತು.

ಪ್ಲಾಸ್ಟರ್ ಬಿಚ್ಚುವವರೆಗೆ ದಿನವೂ ಸಂಜೆ ಎಲ್ಲ ವಿಷಯದ ನೋಟ್ಸನ್ನು ಎರಡು ಸಲ ಬರೆದ, ಒಂದು ತನಗೆ, ಒಂದು ಅವನಿಗೆ. ಮೊದಲ ದಿನಗಳಲ್ಲಿ ಕಾಗೆಕಾಲು ಗುಬ್ಬಿಕಾಲು. "ಇದು ಓದಕ್ಕಾಗಲ್ಲ" ಎಂದು ಆ ಹುಡುಗ ವಾಪಸ್ಸು ಕೊಟ್ಟನಂತೆ. ಪುಟ್ಟ ಹಲ್ಲು ಕಚ್ಚಿಕೊಂಡು ಮತ್ತೆ ಬರೆದ. "ಕೈ ನೋಯುತ್ತೆ ತಾತ" ಎಂದು ಒಂದು ದಿನ ಮಣಿಕಟ್ಟು ನೀವಿಕೊಂಡ. "ನಿನಗೆ ಇದು ಎಷ್ಟನೇ ಕೋಣೆ?" ಎಂದು ಕೇಳಿದೆ. ಸಿಟ್ಟು ಬಂದರೂ ನಕ್ಕ.

ಮಗ ನನ್ನ ಜೊತೆ ಸಿನಿಮಾ ವಿಷಯ ಮತ್ತೆ ಎತ್ತಲಿಲ್ಲ. ಒಂದು ರಾತ್ರಿ ಮಾತ್ರ ಪುಟ್ಟ ಬರೆಯುವುದನ್ನು ಬಾಗಿಲಲ್ಲಿ ನಿಂತು ನೋಡಿ, ಟೇಬಲ್ ಲ್ಯಾಂಪನ್ನು ಅವನ ಹತ್ತಿರಕ್ಕೆ ಸರಿಸಿ ಹೋದ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಒಂದು ಭಾನುವಾರ ಆ ಹುಡುಗ ನಮ್ಮ ಮನೆಗೆ ಬಂದ. ಇಬ್ಬರೂ ಏನು ಮಾತಾಡಿಕೊಂಡು ರಾಜಿಯಾದರೋ ನಮಗೆ ತಿಳಿಯದು, ಮಕ್ಕಳ ಒಪ್ಪಂದಕ್ಕೆ ಸ್ಟ್ಯಾಂಪ್ ಪೇಪರ್ ಬೇಡ. ಪುಟ್ಟ ಮತ್ತೆ ಆ 36 ಕೋಣೆಯ ಸಿನಿಮಾವನ್ನೇ ಹಾಕಿಸಿದ. ರಿಮೋಟನ್ನು ತಾನೇ ಬೀರುವಿನ ಮೇಲಿಟ್ಟು ಬಂದ. ನನ್ನವಳು ಚಕ್ಕುಲಿಯ ತಟ್ಟೆ ಹಿಡಿದು ಬಂದು ಕೂತಳು. ಹತ್ತು ನಿಮಿಷ ನೋಡಿ ಅವಳಿಗೆ ತಾಳ್ಮೆ ತಪ್ಪಿತು.

"ಏನೋ ಇದು, ಡಿಶುಂ ಡಿಶುಂ ಯಾವಾಗ?"

ಇಬ್ಬರೂ ಟಿವಿಯಿಂದ ಕಣ್ಣು ತೆಗೆಯಲಿಲ್ಲ.

"ಸ್ವಲ್ಪ ಇರಿ ಅಜ್ಜಿ," ಎಂದ ಪುಟ್ಟ. "ಅವನು ಇನ್ನೂ ನೀರು ಹೊರ್ತಿದ್ದಾನೆ."